ಎಆರ್-15 ರೈಫಲ್‌ಗೆ 4x ಅಕಾಗ್ (ಟ್ರಿಜಿಕಾನ್ ಕಂಪನಿಯ, 4 ಪಟ್ಟು ದೊಡ್ಡದಾಗಿ ತೋರಿಸೋ ಸ್ಕೋಪ್) ತಗೊಳ್ಳಲಾ?

ಪ್ರಶ್ನೆ: ಟೆಕ್ಸಾಸ್‌ನಲ್ಲಿದ್ದೀನಿ. 16 ಇಂಚು ಬ್ಯಾರೆಲ್‌ನ ಎಆರ್-15, ರೇಂಜ್‌ನಲ್ಲಿ 100ರಿಂದ 300 ಗಜ. ಅಸ್ಟಿಗ್ಮ್ಯಾಟಿಸಂ (ಕಣ್ಣಿನ ದೋಷ) ಇರೋದ್ರಿಂದ ರೆಡ್ ಡಾಟ್ (ಗುರಿಗೆ ಕೆಂಪು ಚುಕ್ಕೆ ತೋರಿಸೋ ಸೈಟ್) ಬಾಲ ಬಂದ ಹಾಗೆ ಚೆದುರಿ ಕಾಣತ್ತೆ. ಕನ್ನಡಕ ಹಾಕ್ಕೊಂಡೇ ಹೊಡೆಯೋದು. ಟ್ರಿಜಿಕಾನ್‌ನ ಅಕಾಗ್ ಮಾಡೆಲ್ ಟಿಎ31 ಆಗತ್ತಾ?

ಉತ್ತರ 1: ಕನ್ನಡಕ ಅಂದ್ರಲ್ಲ, ವಿಷಯ ಅಲ್ಲೇ ಇದೆ. ಟಿಎ31ರ ಐ ರಿಲೀಫ್ (ಪೂರ್ತಿ ಚಿತ್ರ ಕಾಣೋಕೆ ಕಣ್ಣು ಗಾಜಿಂದ ಇರಬೇಕಾದ ದೂರ) ಬರೀ 1.5 ಇಂಚು. ಮೂಗು ಹೆಚ್ಚುಕಮ್ಮಿ ಚಾರ್ಜಿಂಗ್ ಹ್ಯಾಂಡಲ್‌ಗೆ (ರೈಫಲ್ ಹಿಂಭಾಗದಲ್ಲಿ ಹಿಂದಕ್ಕೆ ಎಳೆಯೋ ಹಿಡಿ) ತಾಗಬೇಕು. ತಲೆ ಸ್ವಲ್ಪ ಹಿಂದೆ ಸರಿದ್ರೆ ಸುತ್ತ ಕಪ್ಪು ನೆರಳು. ಇನ್ನೊಂದು ಅಕಾಗ್ ಟಿಎ11 ನೋಡಿ: 3.5x35 (3.5 ಪಟ್ಟು, ಮುಂದಿನ ಗಾಜು 35 ಮಿ.ಮೀ.), ಐ ರಿಲೀಫ್ 2.4 ಇಂಚು. ಉದ್ದ, ತೂಕ ಜಾಸ್ತಿ, ಆದ್ರೂ ನಿಮಗೆ ಅದೇ ಸರಿ ಅಂತ ನನ್ನ ಗಟ್ಟಿ ಅಭಿಪ್ರಾಯ.

ಪ್ರಶ್ನೆ ಕೇಳಿದವರು: ಸೆಕೆಂಡ್ ಹ್ಯಾಂಡ್ ಆದ್ರೆ?

ಉತ್ತರ 2: ತಯಾರಾದ ವರ್ಷ ಕೇಳಿ, ಕತ್ತಲೆ ಕೋಣೆಯಲ್ಲಿ ನೋಡಿ. ಗುರಿ ಗುರುತನ್ನ ಹಗಲು ಬೆಳಗೋದು ಬೆಳಕು ಹೀರೋ ಫೈಬರ್, ರಾತ್ರಿ ಟ್ರಿಟಿಯಂ (ವಿಕಿರಣದಿಂದ ಬೆಳಕು ಕೊಡಿಸೋ ವಸ್ತು). ಟ್ರಿಟಿಯಂ ಸುಮಾರು 12.3 ವರ್ಷಕ್ಕೆ ಅರ್ಧ ಆಗತ್ತೆ. ಆರ್‌ಸಿಒ (ಸೇನೆಗೆ ಮಾಡಿದ ಟಿಎ31) ಮಾಡೆಲ್ ಸಿಕ್ಕಿದ್ರೆ ಅದರ ದೂರದ ಗುರಿ ಗೆರೆ ಗಮನಿಸಿ: ಎ4 ಗೆರೆಗಳು 20 ಇಂಚು ಬ್ಯಾರೆಲ್‌ಗೆ, ಎಂ4 ಗೆರೆಗಳು 14.5ಕ್ಕೆ. ನಿಮ್ಮ 16ಕ್ಕೆ ಎಂ4 ಹತ್ತಿರ.

ಉತ್ತರ 3: ಬಜೆಟ್ ಕಮ್ಮಿ ಇದ್ರೆ 3x ಪ್ರಿಸಮ್ (ಒಳಗೆ ಪ್ರಿಸಮ್ ಗಾಜಿರೋ ಚಿಕ್ಕ ಸ್ಕೋಪ್) ತಗೊಳ್ಳಿ. ರೆಟಿಕಲ್ (ಗುರಿ ಗೆರೆ) ಗಾಜಲ್ಲೇ ಕೊರೆದಿರತ್ತೆ, ಬ್ಯಾಟರಿ ಸತ್ರೂ ಕಪ್ಪಗೆ ಕಾಣತ್ತೆ. ಡಯಾಪ್ಟರ್ (ಕಣ್ಣಿಗೆ ತಕ್ಕ ಹಾಗೆ ಫೋಕಸ್ ಮಾಡೋ ಉಂಗುರ) ಇರೋದನ್ನೇ ಆರಿಸಿ, ಗೆರೆ ಚೂಪಾಗೋವರೆಗೂ ತಿರುಗಿಸ್ಕೋಬಹುದು.