ಬಿದಿರೆಲೆ ಸಾರದ ಕ್ಯಾಪ್ಸೂಲ್: ಥೈರಾಯ್ಡ್ ಇರುವವರಿಗೆ ಕೊಡಬಹುದಾ?

ಪ್ರಶ್ನೆ: ನಮಸ್ತೆ ಮೇಡಂ. ನೀವು ಗಿಡಮೂಲಿಕೆಗಳ ರಸಾಯನಶಾಸ್ತ್ರದಲ್ಲಿ ಕೆಲಸ ಮಾಡುವವರು ಅಂತ ಗುಂಪಿನಲ್ಲಿ ಓದಿದೆ. ಬಿದಿರೆಲೆ ಸಾರದ ಕ್ಯಾಪ್ಸೂಲ್ ಡಬ್ಬಿ ಒಂದು ಮನೆಗೆ ಬಂದಿದೆ. ‘ಆಂಟಿಆಕ್ಸಿಡೆಂಟ್, ಕೂದಲಿಗೆ ಸಿಲಿಕಾ, ಸಕ್ಕರೆ ಕಾಯಿಲೆಗೂ ಒಳ್ಳೆಯದು’ ಅಂತ ಬರೆದಿದ್ದಾರೆ. ಅಮ್ಮನಿಗೆ ಥೈರಾಯ್ಡ್ ಮಾತ್ರೆ ನಡೆಯುತ್ತಿದೆ. ಕೊಡಬಹುದಾ?

ಉತ್ತರ: ಸದ್ಯಕ್ಕೆ ಅಮ್ಮನಿಗೆ ಕೊಡಬೇಡಿ. ಯಾಕೆ ಅಂತ ಹೇಳಲು ಎಲೆಯೊಳಗೆ ಏನಿದೆ ಅನ್ನುವುದರಿಂದಲೇ ಶುರು ಮಾಡುತ್ತೇನೆ.

ಬಿದಿರೆಲೆಯ ಮುಖ್ಯ ಫ್ಲೇವನಾಯ್ಡ್‌ಗಳು (ಗಿಡಗಳಲ್ಲಿ ಸಿಗುವ ಒಂದು ಬಗೆಯ ರಾಸಾಯನಿಕಗಳು) ನಾಲ್ಕು: ಓರಿಯೆಂಟಿನ್, ಐಸೊಓರಿಯೆಂಟಿನ್, ವೈಟೆಕ್ಸಿನ್, ಐಸೊವೈಟೆಕ್ಸಿನ್. ಜೊತೆಗೆ ಕ್ಲೋರೊಜೆನಿಕ್, ಕೆಫೀಕ್, ಫೆರುಲಿಕ್ ಆಮ್ಲಗಳಿವೆ. ಈ ನಾಲ್ಕರಲ್ಲೂ ಒಂದು ಗ್ಲೂಕೋಸ್ ಅಂಟಿಕೊಂಡಿರುತ್ತದೆ. ಬೇರೆ ಎಷ್ಟೋ ಗಿಡಗಳಲ್ಲಿ ಸಕ್ಕರೆ ಅಂಟುವುದು ಆಕ್ಸಿಜನ್ ಮೂಲಕ. ಆಮ್ಲದಲ್ಲಿ ಕುದಿಸಿದರೆ ಅದು ಕಳಚಿ ಬೀಳುತ್ತದೆ. ಬಿದಿರೆಲೆಯಲ್ಲಿ ಇಂಗಾಲಕ್ಕೇ ನೇರವಾಗಿ ಅಂಟಿರುತ್ತದೆ. ಐಸೊಓರಿಯೆಂಟಿನ್ ಅನ್ನು ಆಮ್ಲದಲ್ಲಿ ಕುದಿಸಿ ನೋಡಿ, ಸಕ್ಕರೆ ಕಳಚುವುದಿಲ್ಲ. ಆರನೇ ಇಂಗಾಲದಲ್ಲಿದ್ದದ್ದು ಎಂಟನೆಯದಕ್ಕೆ ಬಂದ ಹಾಗೆ ಆಗಿ, ಒಂದಷ್ಟು ಭಾಗ ಓರಿಯೆಂಟಿನ್ ಆಗುತ್ತದೆ, ಅಷ್ಟೇ. ಮೊದಲ ಸಲ ಇದನ್ನು ಕಣ್ಣಾರೆ ನೋಡಿದಾಗ ನನಗೆ ಆದ ಖುಷಿ ಇನ್ನೂ ನೆನಪಿದೆ.

ಇಷ್ಟು ಗಟ್ಟಿ ಇರುವುದರಿಂದಲೇ ಅದು ಹೊಟ್ಟೆಯಲ್ಲೂ ಸುಲಭಕ್ಕೆ ಒಡೆಯುವುದಿಲ್ಲ. ಸ್ವಲ್ಪ ಮಾತ್ರ ರಕ್ತಕ್ಕೆ ಸೇರುತ್ತದೆ. ಬಹುಪಾಲು ದೊಡ್ಡ ಕರುಳಿಗೆ ಇಳಿದು, ಅಲ್ಲಿನ ಬ್ಯಾಕ್ಟೀರಿಯಾಗಳ ಕೈಗೆ ಸಿಗುತ್ತದೆ.

ಈಗ ಥೈರಾಯ್ಡ್ ವಿಷಯ. ಇದೇ ವೈಟೆಕ್ಸಿನ್ ಬಳಗ ಸಜ್ಜೆಯಲ್ಲೂ ಇದೆ. ಸುಡಾನ್‌ನ ಡಾರ್ಫರ್‌ನಲ್ಲಿ ಸಜ್ಜೆಯನ್ನೇ ನೆಚ್ಚಿಕೊಂಡ ಜನರಲ್ಲಿ ಗಳಗಂಡ ಜಾಸ್ತಿ ಇತ್ತು. ಕಾರಣ ಹುಡುಕಿದ ಸಂಶೋಧನೆ 1989ರಲ್ಲಿ ಪ್ರಕಟವಾಯಿತು. ಥೈರಾಯ್ಡ್ ಹಾರ್ಮೋನ್ ತಯಾರಿಸುವ ಪೆರಾಕ್ಸಿಡೇಸ್ ಎಂಬ ಕಿಣ್ವವನ್ನು ಈ ವಸ್ತುಗಳು ತಡೆಯುತ್ತವೆ ಅಂತ ಪ್ರಯೋಗಾಲಯದಲ್ಲಿ ಕಂಡಿತು. ಒಂದು ದಿನ ಸಜ್ಜೆ ರೊಟ್ಟಿ ತಿಂದರೆ ಏನೋ ಆಗಿಬಿಡುತ್ತದೆ ಅಂತ ಇದರ ಅರ್ಥ ಅಲ್ಲ. ಆದರೆ ಕ್ಯಾಪ್ಸೂಲ್ ಅಂದರೆ ಅದೇ ವಸ್ತುವನ್ನು ಹಿಂಡಿ, ಗಟ್ಟಿ ಮಾಡಿ, ದಿನಾ ಕೊಡುವುದು. ಥೈರಾಯ್ಡ್ ಮಾತ್ರೆಯ ಪ್ರಮಾಣವನ್ನು ಡಾಕ್ಟರು ಎಷ್ಟು ಅಳೆದು ತೂಗಿ ನಿಲ್ಲಿಸಿರುತ್ತಾರೆ, ಅಲ್ವಾ? ಅಂಥವರ ಮೇಲೆ ಇದನ್ನು ಪ್ರಯೋಗ ಮಾಡುವುದು ನನಗೆ ಸರಿ ಕಾಣುವುದಿಲ್ಲ.

ಇನ್ನೊಬ್ಬ ಸದಸ್ಯರು: ಹಾಗಾದರೆ ‘ಆಂಟಿಆಕ್ಸಿಡೆಂಟ್’ ಅನ್ನುವುದು ಸುಳ್ಳಾ ಮೇಡಂ?

ಉತ್ತರ: ಸುಳ್ಳಲ್ಲ. ಆಂಟಿಆಕ್ಸಿಡೆಂಟ್ ಗುಣ ಅಳೆಯಲು ಬಳಸುವ ಡಿಪಿಪಿಎಚ್ ಅನ್ನುವ ನೇರಳೆ ಬಣ್ಣದ ದ್ರಾವಣಕ್ಕೆ ಬಿದಿರೆಲೆ ಸಾರದ ಕೆಲವು ಹನಿ ಹಾಕಿ ಬಿಟ್ಟರೆ, ನೇರಳೆ ಮಾಸುತ್ತಾ ಮಾಸುತ್ತಾ ತಿಳಿ ಹಳದಿಗೆ ಬರುತ್ತದೆ. ನೋಡಲು ಚಂದ. ಆದರೆ ಅದು ಗಾಜಿನ ನಳಿಕೆಯೊಳಗಿನ ಮಾತು. ಆ ನಳಿಕೆಯಲ್ಲಿ ಕರುಳಿಲ್ಲ, ಯಕೃತ್ತಿಲ್ಲ. ಸಕ್ಕರೆ ಕಾಯಿಲೆಯ ವಿಷಯವೂ ಹೀಗೇ. ಪಿಷ್ಟವನ್ನು ಸಕ್ಕರೆಯಾಗಿ ಒಡೆಯುವ ಕಿಣ್ವವನ್ನು ಈ ಫ್ಲೇವನಾಯ್ಡ್‌ಗಳು ಪ್ರಯೋಗಾಲಯದಲ್ಲಿ ತಡೆಯುತ್ತವೆ. ಇಲಿಗಳ ಮೇಲೂ ಒಳ್ಳೆಯ ಫಲಿತಾಂಶಗಳಿವೆ. ಮನುಷ್ಯರ ಮೇಲಿನ ಪ್ರಯೋಗ ಮಾತ್ರ ಕಡಿಮೆ, ನಡೆದವೂ ಸಣ್ಣವು. ಮಧುಮೇಹದ ಮಾತ್ರೆ ಬಿಟ್ಟು ಇದನ್ನು ಹಿಡಿಯುವಷ್ಟು ಪುರಾವೆ ಖಂಡಿತ ಇಲ್ಲ.

ಈ ಎಲೆ ನಿಜಕ್ಕೂ ಗೆದ್ದಿರುವುದು ಆಹಾರ ಕಾಪಾಡುವ ಕೆಲಸದಲ್ಲಿ ಅಂತ ನನ್ನ ಅಭಿಪ್ರಾಯ. ಎಣ್ಣೆ ಕಮಟಾಗದಂತೆ ತಡೆಯಲು ಚೀನಾದಲ್ಲಿ ಬಿದಿರೆಲೆ ಸಾರಕ್ಕೆ ಆಹಾರಕ್ಕೆ ಸೇರಿಸುವ ವಸ್ತು ಅಂತಲೇ ಅನುಮತಿ ಇದೆ. ಆಲೂಗಡ್ಡೆ ಹೋಳನ್ನು ಈ ಸಾರದ ನೀರಲ್ಲಿ ಅದ್ದಿ ಕರಿದರೆ ಅಕ್ರಿಲಮೈಡ್ ಎಂಬ ಹಾನಿಕರ ವಸ್ತು ಕಡಿಮೆ ಹುಟ್ಟುತ್ತದೆ ಅಂತ ಅಲ್ಲಿನ ಜೆಜಿಯಾಂಗ್ ವಿಶ್ವವಿದ್ಯಾಲಯದವರು ತೋರಿಸಿದ್ದಾರೆ.

ಮತ್ತೊಬ್ಬರು: ಕ್ಯಾಪ್ಸೂಲ್ ಯಾಕೆ, ಸುಮ್ನೆ ಎಲೆ ಕುದಿಸಿ ಕಷಾಯ ಕುಡಿದರೆ ಸಾಲದಾ? ಕಳಲೆಯಲ್ಲಿ ಸಯನೈಡ್ ಇದೆಯಂತಲ್ಲ, ಎಲೆಯಲ್ಲೂ ಇರುತ್ತದಾ? ಕೂದಲಿಗೆ ಸಿಲಿಕಾ ಸಿಗುತ್ತದಾ?

ಉತ್ತರ: ಬರೀ ನೀರಿಗೆ ಫ್ಲೇವನಾಯ್ಡ್ ಸ್ವಲ್ಪವೇ ಇಳಿಯುತ್ತದೆ. ನಾವು ನೀರು ಮತ್ತು ಆಲ್ಕೋಹಾಲ್ ಬೆರೆಸಿ ತೆಗೆಯುತ್ತೇವೆ. ಬರೀ ಆಲ್ಕೋಹಾಲ್ ಹಾಕಿದರೆ ಎಲೆಹಸಿರು, ಮೇಣ ಎಲ್ಲ ಬಂದು ಪಾತ್ರೆಗೆ ಹಸಿರು ಅಂಟು ಹಿಡಿಯುತ್ತದೆ.

ಕಳಲೆಯಲ್ಲಿರುವುದು ಟ್ಯಾಕ್ಸಿಫಿಲಿನ್. ಕತ್ತರಿಸಿದಾಗ ಅದು ಒಡೆದು ಹೈಡ್ರೋಜನ್ ಸಯನೈಡ್ ಬಿಡುತ್ತದೆ. ಅದಕ್ಕೇ ಕಳಲೆಯನ್ನು ಬೇಯಿಸಿ ಆ ನೀರು ಚೆಲ್ಲುವುದು. ಕಷಾಯದಲ್ಲಿ ನಾವು ಆ ನೀರನ್ನೇ ಕುಡಿಯುತ್ತೇವೆ. ಹಾಗಾಗಿ ಎಳೆ ಚಿಗುರನ್ನು ಕಷಾಯಕ್ಕೆ ಹಾಕಬೇಡಿ.

ಸಿಲಿಕಾ ಎಲೆಯಲ್ಲಿ ಬೇಕಾದಷ್ಟಿದೆ. ಎಲೆ ಸುಟ್ಟರೆ ಬೂದಿಯ ಬಹುಪಾಲು ಸಿಲಿಕಾವೇ. ಆದರೆ ಅದು ಗಾಜಿನ ಚೂರಿನ ಹಾಗೆ ಎಲೆಯ ಜೀವಕೋಶಗಳೊಳಗೆ ಕೂತಿರುತ್ತದೆ, ನೀರಿಗೆ ಕರಗುವುದು ತೀರಾ ಕಡಿಮೆ. ಆಯುರ್ವೇದದಲ್ಲಿ ಬಳಸುವ ವಂಶಲೋಚನ ಬೇರೆ ಪದಾರ್ಥ. ಅದು ಗಳದ ಒಳಗೆ ಹೆಪ್ಪುಗಟ್ಟುವ ಸಿಲಿಕಾ, ಎಲೆಯದಲ್ಲ.

ಇನ್ನೊಂದು ಮಾತು. ಚೀನೀ ವೈದ್ಯದ ‘ಡಾನ್ ಝು ಯೆ’ ಅನ್ನುವ ಒಣ ಎಲೆಯೂ ಬಿದಿರೆಲೆ ಹೆಸರಲ್ಲಿ ಮಾರಾಟವಾಗುತ್ತದೆ. ಅದು ಲೋಫಥೆರಮ್ ಗ್ರಾಸಿಲೆ, ಬಿದಿರಲ್ಲ, ಬೇರೊಂದು ಹುಲ್ಲು. ಬಿದಿರಿನಲ್ಲೇ ಸಾವಿರಕ್ಕೂ ಮೀರಿ ಜಾತಿಗಳಿವೆ, ಒಂದೊಂದರ ಎಲೆಯಲ್ಲಿ ಪ್ರಮಾಣ ಬೇರೆ. ಡಬ್ಬಿಯ ಮೇಲೆ ಸಸ್ಯದ ಪೂರ್ತಿ ಹೆಸರು ಇಲ್ಲದಿದ್ದರೆ ನಾನಾದರೆ ಕೊಳ್ಳುವುದಿಲ್ಲ.

ಮೊದಲು ಕೇಳಿದವರು: ಮೇಡಂ, ಈಗ ಕೇಳಿದರೆ ಅಮ್ಮ ಮೂರು ವಾರದಿಂದ ದಿನಾ ಎರಡು ತೆಗೆದುಕೊಳ್ಳುತ್ತಿದ್ದಾರಂತೆ. ನನಗೆ ಹೇಳಿರಲಿಲ್ಲ. ಗಾಬರಿಯಾಗಿದೆ.

ಉತ್ತರ: ಗಾಬರಿ ಬೇಡ, ಅಮ್ಮನನ್ನು ಬೈಯಲೂ ಬೇಡಿ. ಕ್ಯಾಪ್ಸೂಲ್ ಇವತ್ತೇ ನಿಲ್ಲಿಸಿ. ಥೈರಾಯ್ಡ್ ಮಾತ್ರೆಯನ್ನು ಮಾತ್ರ ಎಂದಿನಂತೆ ಮುಂದುವರಿಸಿ, ನೀವಾಗಿ ಹೆಚ್ಚು ಕಡಿಮೆ ಮಾಡಬೇಡಿ. ಡಬ್ಬಿ ತೆಗೆದುಕೊಂಡು ಹೋಗಿ ಅವರ ಡಾಕ್ಟರಿಗೆ ತೋರಿಸಿ. ಟಿಎಸ್‌ಎಚ್ (ಥೈರಾಯ್ಡ್ ಹೇಗೆ ಕೆಲಸ ಮಾಡುತ್ತಿದೆ ಅಂತ ತೋರಿಸುವ ರಕ್ತದ ಅಳತೆ) ಪರೀಕ್ಷೆ ಯಾವಾಗ ಅಂತ ಅವರೇ ಹೇಳುತ್ತಾರೆ. ಟಿಎಸ್‌ಎಚ್ ಒಂದು ಹದಕ್ಕೆ ಬರಲು 6ರಿಂದ 8 ವಾರ ಹಿಡಿಯುತ್ತದೆ, ಹಾಗಾಗಿ ಎರಡನೇ ಸಲ ರಕ್ತ ಕೊಡಲು ಹೇಳಿದರೂ ತಪ್ಪಿಸಬೇಡಿ. ಅಷ್ಟರಲ್ಲಿ ಸುಸ್ತು, ಚಳಿ, ಮಲಬದ್ಧತೆ ಜಾಸ್ತಿ ಅನಿಸಿದರೆ ಕಾಯದೆ ಹೋಗಿ ತೋರಿಸಿ.