ಪದಚರ್ಚೆ: ‘ನ್ಯಾನೊ ಸಂವೇದಕ’, ‘ಅನಾಮಧೇಯ’, ‘ಗೌಪ್ಯತೆ’ – ನಗರದ ನೋಟಿಸಿನಲ್ಲಿ ಏನು ಬರೆಯಬೇಕು?

ಪ್ರಶ್ನೆ (ಕಾರವಾರದಿಂದ)

ಎಲ್ಲರಿಗೂ ನಮಸ್ಕಾರ. ಬೀದಿಕಂಬಕ್ಕೆ ಗಾಳಿ ಅಳೆಯುವ ಪೆಟ್ಟಿಗೆ, ಮನೆಯ ನಳಕ್ಕೆ ತಾನೇ ಲೆಕ್ಕ ಕಳಿಸುವ ಮೀಟರ್ ಹಾಕುವ ಊರುಗಳಿಗಾಗಿ ಒಂದು ಮಾದರಿ ನೋಟಿಸನ್ನು ಕನ್ನಡದಲ್ಲಿ ಸಿದ್ಧಪಡಿಸಬೇಕಿದೆ. ಕರಡು ಹೀಗಿದೆ: “ಇಲ್ಲಿ ನ್ಯಾನೊ ಸಂವೇದಕಗಳನ್ನು ಅಳವಡಿಸಲಾಗಿದ್ದು, ಸಂಗ್ರಹಿತ ಅನಾಮಧೇಯ ದತ್ತಾಂಶದ ಗೌಪ್ಯತೆಯನ್ನು ಕಾಪಾಡಲಾಗುವುದು.” ‘ನ್ಯಾನೊ’ ಬೇಕೇ? ‘ಗೌಪ್ಯತೆ’ಯೋ ‘ಖಾಸಗಿತನ’ವೋ? ಮೀನು ಮಾರ್ಕೆಟ್ಟಿನ ಎದುರು ನಿಂತು ಓದುವವರಿಗೂ ತಿಳಿಯಬೇಕು, ಕಾನೂನಿನ ಮುಂದೆಯೂ ನಿಲ್ಲಬೇಕು. ತಿಳಿದವರು ದಯವಿಟ್ಟು ಹೇಳಿ.

ಉತ್ತರ (ಶಿರಸಿಯಿಂದ)

ನಮಸ್ಕಾರ. ನಿಮ್ಮ ಕರಡು ಓದಿದವರಿಗೆ ಪೆಟ್ಟಿಗೆ ಏನನ್ನು ಅಳೆಯುತ್ತದೆ ಎಂಬುದೇ ತಿಳಿಯುವುದಿಲ್ಲ. ಮೊದಲು ಅದನ್ನು ಸರಿಪಡಿಸಬೇಕು.

ನ್ಯಾನೊ ಎಂದರೆ ಅಳತೆ ಅಷ್ಟೆ. ಮೀಟರಿನ ನೂರು ಕೋಟಿಯಲ್ಲೊಂದು ಪಾಲು ನ್ಯಾನೊಮೀಟರ್. ಸುಮಾರು 1ರಿಂದ 100ರವರೆಗಿನದನ್ನು ನ್ಯಾನೊ ಗಾತ್ರ ಎನ್ನುತ್ತಾರೆ. ಗಾಳಿ ಅಳೆಯುವ ಎಷ್ಟೋ ಪೆಟ್ಟಿಗೆಗಳಲ್ಲಿ ಆ ಗಾತ್ರದ್ದು ತವರದ ಆಕ್ಸೈಡಿನ ಹರಳುಗಳ ಒಂದು ಪದರ ಮಾತ್ರ. ಅದನ್ನು 200ರಿಂದ 400 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದಾಗ ಗಾಳಿಯ ಆಮ್ಲಜನಕ ಹರಳಿನ ಮೈಗೆ ಅಂಟುತ್ತದೆ. ಕಾರ್ಬನ್ ಮೊನಾಕ್ಸೈಡ್ ಬಂದು ಆ ಆಮ್ಲಜನಕವನ್ನು ಕಿತ್ತುಕೊಂಡರೆ ಪದರದ ವಿದ್ಯುತ್ ತಡೆ ಇಳಿಯುತ್ತದೆ. ಯಂತ್ರ ಓದುವುದು ಈ ಇಳಿತವನ್ನು. ಹರಳು ಸಣ್ಣದಾದಷ್ಟೂ ಗಾಳಿಗೆ ತೆರೆದ ಮೈ ಹೆಚ್ಚು, ಹಾಗಾಗಿ ನ್ಯಾನೊ. ಕೆಳಗೆ ಯಾರು ನಡೆದುಹೋದರು ಎಂಬುದು ಈ ಪದರಕ್ಕೆ ತಿಳಿಯುವುದೇ ಇಲ್ಲ.

ತಕರಾರು ಇರುವುದು ಅದೇ ಪೆಟ್ಟಿಗೆಯ ಉಳಿದ ಭಾಗಗಳ ಬಗ್ಗೆ: ಕ್ಯಾಮೆರಾ, ಮೈಕ್, ಹಾದುಹೋಗುವ ಮೊಬೈಲುಗಳ ವೈಫೈ ಗುರುತುಸಂಖ್ಯೆ ಹಿಡಿಯುವ ಭಾಗ. ‘ಸಂವೇದಕ’ ಎಂದುಬಿಟ್ಟರೆ ಇವೂ ಅದರಲ್ಲೇ ಅಡಗುತ್ತವೆ. ಆದ್ದರಿಂದ ನ್ಯಾನೊ ಬಿಡಿ, “ಗಾಳಿ ಅಳೆಯುವ ಸೆನ್ಸರ್” ಎನ್ನಿ. ಕ್ಯಾಮೆರಾ, ಮೈಕ್ ಇದೆಯೋ ಇಲ್ಲವೋ ಎಂಬುದನ್ನು ಬೇರೆ ಸಾಲಿನಲ್ಲೇ ಬರೆಯಿರಿ.

ಟೆಂಡರ್ ಬರೆಯುವವರಿಗೂ ಒಂದು ಮಾತು. ಬಾವಿಗೆ ಉಪ್ಪುನೀರು ಏರುವ ಕರಾವಳಿಯಲ್ಲಿ ‘ನ್ಯಾನೊ ಫಿಲ್ಟರ್’ ಎಂಬ ಹೆಸರು ದಾರಿ ತಪ್ಪಿಸುತ್ತದೆ. ಅಲ್ಲಿ ನ್ಯಾನೊ ಎಂಬುದು ಪೊರೆಯ ರಂಧ್ರದ ಅಳತೆ, ಸುಮಾರು ಒಂದು ನ್ಯಾನೊಮೀಟರ್. ಗಡಸು ತರುವ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಅದು ಬಹುಮಟ್ಟಿಗೆ ತಡೆಯುತ್ತದೆ, ಆದರೆ ಅಡುಗೆಉಪ್ಪಿನ ಬಹಳಷ್ಟು ಪಾಲು ದಾಟಿಹೋಗುತ್ತದೆ. ಉಪ್ಪು ತೆಗೆಯಲು ಆರ್‌ಒ ಪೊರೆಯೇ ಬೇಕು.

ಇನ್ನು ‘ಗೌಪ್ಯತೆ’. ಪಡೆದ ಮಾಹಿತಿಯನ್ನು ಹೊರಗೆ ಬಿಡದಿರುವುದು ಗೌಪ್ಯತೆ. ಅದು ಕಚೇರಿಯ ಹೊಣೆ. ಅಷ್ಟು ಮಾಹಿತಿ ಪಡೆಯಬಹುದೇ ಎಂದು ಕೇಳುವ ಹಕ್ಕು ಖಾಸಗಿತನ, ಅದು ಮನೆಯವರದು. 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಮೂಲಭೂತ ಹಕ್ಕು ಎಂದದ್ದು ಈ ಖಾಸಗಿತನವನ್ನೇ. ಅರ್ಜಿದಾರ ಕೆ.ಎಸ್. ಪುಟ್ಟಸ್ವಾಮಿ ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಎಂಬುದನ್ನು ಕನ್ನಡಿಗರು ನೆನಪಿಡಬೇಕು.

ನೀರಿನ ಮೀಟರಿನಲ್ಲಿ ಈ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ. ಬಿಲ್ಲಿಗೆ ತಿಂಗಳಿಗೊಂದು ಓದು ಸಾಕು. 15 ನಿಮಿಷಕ್ಕೊಮ್ಮೆ ಓದು ಕಳಿಸಿದರೆ ಮನೆಯವರು ಏಳುವ ಹೊತ್ತು, ಮನೆಗೆ ಬೀಗ ಬಿದ್ದ ದಿನ ಎಲ್ಲ ಬಯಲಾಗುತ್ತದೆ. ಸೋರಿಕೆ ಹಿಡಿಯಲು ಇದು ಬೇಕೆಂದು ಹೇಳುವುದುಂಟು. ವಾರ್ಡಿನ ಸೋರಿಕೆಗೆ ಖಂಡಿತ ಬೇಡ. ವಾರ್ಡಿಗೆ ನೀರು ಬರುವ ಮುಖ್ಯ ಕೊಳವೆಗೆ ಒಂದೇ ಮೀಟರ್ ಹಾಕಿ ರಾತ್ರಿ 2ರಿಂದ 4ರ ಹರಿವು ನೋಡಿದರೆ ಸಾಕು. ಎಲ್ಲರೂ ಮಲಗಿದಾಗಲೂ ಹರಿಯುವ ನೀರಿನಲ್ಲಿ ದೊಡ್ಡ ಪಾಲು ಸೋರಿಕೆ. ಆದರೆ ಕೊಳವೆಯಲ್ಲಿ ಸದಾ ನೀರಿರುವ ಕಡೆ ಮಾತ್ರ ಈ ಲೆಕ್ಕ ನಡೆಯುತ್ತದೆ. ದಿನ ಬಿಟ್ಟು ದಿನ ನೀರು ಬಿಡುವಲ್ಲಿ, ಮಾಳಿಗೆಯ ಟ್ಯಾಂಕು ರಾತ್ರಿ ತುಂಬುವಲ್ಲಿ ತಪ್ಪುತ್ತದೆ.

‘ಅನಾಮಧೇಯ’ ಕೈಬಿಡಿ. ಹೆಸರು ಅಳಿಸಿ ಮೀಟರ್ ಸಂಖ್ಯೆ ಉಳಿಸಿದರೆ ಬಿಲ್ ಪಟ್ಟಿಯ ಜೊತೆ ತಾಳೆ ನೋಡಿ ಮನೆ ಕಂಡುಹಿಡಿಯಬಹುದು. ಅದು “ಹೆಸರು ತೆಗೆದ ಮಾಹಿತಿ”. ಹಲವು ಮನೆಗಳ ಮೊತ್ತ ಮಾತ್ರ ಇಟ್ಟು ಬಿಡಿ ಓದುಗಳನ್ನು ಅಳಿಸಿದರೆ “ಗುರುತು ಸಿಗದ ಮಾಹಿತಿ” ಎನ್ನಬಹುದು. ನಮ್ಮ ಕಡೆ ಅದಕ್ಕೂ ಎಚ್ಚರ ಬೇಕು: ಮನೆಗಳು ದೂರ ದೂರ ಇರುವ ಕೇರಿಯಲ್ಲಿ ಒಂದು ಕೊಳವೆಗೆ ಮೂರೇ ಮನೆ ಇದ್ದರೆ ಮೊತ್ತವೂ ಮನೆಯನ್ನು ತೋರಿಸಿಬಿಡುತ್ತದೆ.

ಕಾನೂನಿನ ಮಾತು ಚಿಕ್ಕದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 5ನೇ ಪ್ರಕರಣದಂತೆ, ಸಮ್ಮತಿ ಕೇಳುವಾಗ ಕೊಡುವ ನೋಟಿಸನ್ನು ಇಂಗ್ಲಿಷಿನಲ್ಲಿ ಇಲ್ಲವೇ ಸಂವಿಧಾನದ ಎಂಟನೇ ಅನುಸೂಚಿಯ ಭಾಷೆಯಲ್ಲಿ ಓದುವ ಆಯ್ಕೆ ಇರಬೇಕು. ಕನ್ನಡ ಆ ಪಟ್ಟಿಯಲ್ಲಿದೆ. ಸಮ್ಮತಿ ಕೊಟ್ಟಷ್ಟೇ ಸುಲಭವಾಗಿ ಹಿಂಪಡೆಯುವಂತಿರಬೇಕು ಎನ್ನುತ್ತದೆ 6ನೇ ಪ್ರಕರಣ.

ಕಂಬದ ನೋಟಿಸಿಗೆ ನನ್ನ ಸಲಹೆ: “ಇಲ್ಲಿ ಗಾಳಿ ಅಳೆಯುವ ಸೆನ್ಸರ್ ಇದೆ. ಕ್ಯಾಮೆರಾ, ಮೈಕ್ ಇಲ್ಲ. ಮೊಬೈಲ್ ಗುರುತು ಹಿಡಿಯುವುದಿಲ್ಲ.” ಮೂರೂ ನಿಜವಾಗಿದ್ದರೆ ಮಾತ್ರ ಹೀಗೆ ಬರೆಯಬೇಕು. ಮೀಟರಿಗೆ: “ತಿಂಗಳಿಗೊಮ್ಮೆ ಓದು ಪಡೆಯುತ್ತೇವೆ, ಬಿಲ್ಲಿಗೆ ಮಾತ್ರ ಬಳಸುತ್ತೇವೆ.” ಎಷ್ಟು ದಿನ ಇಟ್ಟು ಅಳಿಸುತ್ತಾರೆ, ದೂರು ಯಾರಿಗೆ ಕೊಡಬೇಕು ಎಂಬುದನ್ನೂ ಸೇರಿಸಿ.

‘ಮಾಪನಾಂಕ ನಿರ್ಣಯ’ (ಯಂತ್ರದ ಓದು ಸರಿಯಿದೆಯೇ ಎಂದು ಪರೀಕ್ಷಿಸುವುದು) ಎಂದು ಬರೆಯುವ ಜಾಗದಲ್ಲಿ “ತಾಳೆ ನೋಡಿದ ದಿನ” ಸಾಕು. ಮಳೆಗಾಲದ ತೇವಕ್ಕೆ ತವರದ ಆಕ್ಸೈಡಿನ ಓದು ಜರುಗುತ್ತದೆ; ಕಾರವಾರದಲ್ಲಿ ಜೂನ್‌ಗೆ ಮೊದಲೊಮ್ಮೆ, ಮಳೆ ನಿಂತ ಮೇಲೊಮ್ಮೆ ಪ್ರಮಾಣಿತ ಯಂತ್ರದ ಪಕ್ಕ ಇಟ್ಟು ತಾಳೆ ನೋಡಿ, ಆ ದಿನಾಂಕವನ್ನು ನೋಟಿಸಿನಲ್ಲೇ ಹಾಕುವುದು ಒಳ್ಳೆಯದು.