15 ಅಕ್ಷರದ ಇಂಗ್ಲಿಷ್ ಪದ ಕೇಳಿದ್ರೆ ಪೈಥಾನ್ 14 ಅಕ್ಷರದ್ದು ಕೊಡ್ತಿದೆ, ಯಾಕೆ?

ಪದಹುಡುಕಿ:
ಎಲ್ರಿಗೂ ನಮಸ್ಕಾರ. ನಾನು ಹೈಸ್ಕೂಲಲ್ಲಿ ಇಂಗ್ಲಿಷ್ ಟೀಚರ್, ಕನ್ನಡ ಮೀಡಿಯಂ ಮಕ್ಕಳು, ಉದ್ದ ಪದ ಕಂಡ್ರೆ ಸಾಕು ಪುಸ್ತಕ ಮುಚ್ಚಿಡ್ತಾರೆ. ಆ ಭಯ ಬಿಡಿಸೋಕೆ ಒಂದು ಆಟ ಮಾಡ್ತಿದೀನಿ, ಒಂದು ಅಕ್ಷರಾನೂ ಎರಡನೇ ಸಲ ಬರದಿರೋ ಉದ್ದ ಪದ ಹುಡುಕಿ ಕನ್ನಡದಲ್ಲಿ ಅರ್ಥ ಬರೆದು ಗೋಡೆಗೆ ಅಂಟಿಸೋದು (ಇಂಥ ಪದಕ್ಕೆ ಐಸೋಗ್ರಾಂ ಅಂತಾರೆ).

ಪದಪಟ್ಟಿ ಫೈಲ್ ಒಂದಿದೆ, ಸಾಲಿಗೊಂದು ಪದ. ಪೈಥಾನಲ್ಲಿ (ಪ್ರೋಗ್ರಾಂ ಬರೆಯೋ ಭಾಷೆ) ಒಂದೊಂದೇ ಸಾಲು ಓದಿ ಲೆನ್, ಅಂದ್ರೆ ಅಕ್ಷರಗಳ ಎಣಿಕೆ, 15 ಇದ್ಯಾ ನೋಡ್ತೀನಿ, ಆಮೇಲೆ ಅದನ್ನೇ ಸೆಟ್ ಮಾಡಿ (ಸೆಟ್‌ನಲ್ಲಿ ಒಂದು ಅಕ್ಷರ ಒಂದೇ ಸಲ ಉಳಿಯುತ್ತೆ) ಅದರ ಲೆನ್ನೂ 15 ಆದ್ರೆ ಪ್ರಿಂಟ್. ಆದ್ರೆ ಬರ್ತಿರೋದು ಆಂಬಿಡೆಕ್ಸ್‌ಟ್ರಸ್‌ಲಿ, ಅನ್‌ಡಿಸ್ಕವರಬ್ಲಿ ಥರದ್ದು, ಬೆರಳು ಮಡಿಸಿ ಎಣಿಸಿದೆ, ಎರಡೂ 14. ನಾನು ಬರ್ಲಿ ಅಂತ ಕಾಯ್ತಿದ್ದ ಅನ್‌ಕಾಪಿರೈಟಬಲ್ ಬರ್ತಾನೇ ಇಲ್ಲ, ಫೈಲಲ್ಲಿ ಅದು ಇದೆ, ಕಣ್ಣಾರೆ ನೋಡಿದೀನಿ. ಕೈಯಲ್ಲಿ ಟೈಪ್ ಮಾಡಿ ಕೊಟ್ರೆ ಮಾತ್ರ ಸರಿಯಾಗಿ 15 ಅನ್ನುತ್ತೆ. ಎರಡು ಸಂಜೆ ಇದಕ್ಕೇ ಹೋಯ್ತು.

ಸಾಲುಮರ:
ಮೇಡಂ, ಒಂದು ವಿಷ್ಯ ಹೇಳಿ, ಪ್ರಿಂಟ್ ಆದಾಗ ಒಂದು ಪದಕ್ಕೂ ಇನ್ನೊಂದಕ್ಕೂ ಮಧ್ಯೆ ಖಾಲಿ ಸಾಲು ಬರ್ತಿದ್ಯಾ?

ಪದಹುಡುಕಿ:
ಹೌದು ಸರ್! ಅದು ಮಾಮೂಲಿ ಅಂದ್ಕೊಂಡಿದ್ದೆ.

ಸಾಲುಮರ:
ಅಲ್ಲೇ ಇದೆ ತೊಂದರೆ. ಫೈಲಿಂದ ಸಾಲು ಓದಿದಾಗ ಪದದ ಜೊತೆಗೆ ಸಾಲಿನ ಕೊನೆಯ ಎಂಟರ್ ಗುರುತೂ ಬರುತ್ತೆ, ಕಣ್ಣಿಗೆ ಕಾಣಲ್ಲ, ಲೆನ್ ಅದನ್ನೂ ಒಂದು ಅಂತ ಎಣಿಸುತ್ತೆ. ಆಂಬಿಡೆಕ್ಸ್‌ಟ್ರಸ್‌ಲಿಯ 14 ಜೊತೆ ಎಂಟರ್ ಒಂದು, ಒಟ್ಟು 15. ಎಂಟರ್ ಪದದೊಳಗೆ ಬೇರೆಲ್ಲೂ ಇರಲ್ವಲ್ಲ, ಸೆಟ್‌ಗೂ ಅದು ಹೊಸ ಅಕ್ಷರಾನೇ, ಹಾಗಾಗಿ ಅಲ್ಲೂ ಪಾಸು. ನಿಮ್ಮ ಅನ್‌ಕಾಪಿರೈಟಬಲ್ 16 ಆಗಿ ಹೊರಗೆ ಉಳಿದಿದೆ. ಕೈಯಲ್ಲಿ ಕೊಟ್ಟಾಗ ಎಂಟರ್ ಸೇರಲ್ಲ, ಅದಕ್ಕೇ ಸರಿ ಬಂತು.

ಓದಿದ ತಕ್ಷಣ ಸಾಲಿಗೆ ಸ್ಟ್ರಿಪ್ ಹಾಕಿ, ಆ ಎಂಟರ್ ಹೋಗುತ್ತೆ, ಹಾಗೇ ಎಲ್ಲಾನೂ ಚಿಕ್ಕಕ್ಷರ ಮಾಡೋ ಲೋವರ್ ಕೂಡ, ಇಲ್ದಿದ್ರೆ ದೊಡ್ಡ ಎ ಮತ್ತು ಚಿಕ್ಕ ಎ ಬೇರೆ ಬೇರೆ ಅಂದ್ಕೊಂಡು ಎರಡೆರಡು ಎ ಇರೋ ಹೆಸರುಗಳೂ ನುಗ್ಗುತ್ತವೆ. ಇನ್ನೊಂದು, ಈಸ್‌ಆಲ್ಫಾ ಹಾಕಿ ಬರೀ ಅಕ್ಷರ ಇರೋದನ್ನ ಮಾತ್ರ ತಗೊಳ್ಳಿ, ಲಿನಕ್ಸ್ (ವಿಂಡೋಸ್ ಥರದ ಕಂಪ್ಯೂಟರ್ ವ್ಯವಸ್ಥೆ) ಜೊತೆ ಬರೋ ಪಟ್ಟಿಗಳಲ್ಲಿ ಅಪಾಸ್ಟ್ರಫಿ ಹಾಕಿ ಎಸ್ ಸೇರಿಸಿರೋ ರೂಪಗಳು ರಾಶಿ ಇರ್ತವೆ, ಅದೂ ಎಣಿಕೆ ಕೆಡಿಸುತ್ತೆ.

ಪದಹುಡುಕಿ:
ಬಂತು ಸರ್ ಬಂತು!! ಯು ಎನ್ ಸಿ ಓ ಪಿ ವೈ ಆರ್ ಐ ಜಿ ಎಚ್ ಟಿ ಎ ಬಿ ಎಲ್ ಇ, ಹದಿನೈದೂ ಬೇರೆ ಬೇರೆ. ಜೊತೆಗೆ ಡರ್ಮಟೋಗ್ಲಿಫಿಕ್ಸ್, ಹೈಡ್ರೋನ್ಯುಮ್ಯಾಟಿಕ್ಸ್ ಕೂಡ ಬಂದ್ವು. ತುಂಬಾ ಥ್ಯಾಂಕ್ಸ್. ಅರ್ಥ ಮಕ್ಕಳಿಗೆ ಹೇಗೆ ಹೇಳ್ಲಿ, ಡಿಕ್ಷನರಿ ಭಾಷೆ ಅವರಿಗೆ ಹತ್ತಲ್ಲ.

ನಿಘಂಟುಪ್ರಿಯ:
ಮೇಡಂ, ಪದಾನ ಒಡೆದು ಕೊಡಿ, ಇಡೀ ಪದದ ಅರ್ಥ ಒಂದೇ ಸಲ ಬಾಯಿಪಾಠ ಮಾಡಿಸಬೇಡಿ. ಡರ್ಮ ಅಂದ್ರೆ ಗ್ರೀಕಲ್ಲಿ ಚರ್ಮ, ಗ್ಲಿಫ್ ಅಂದ್ರೆ ಕೆತ್ತನೆ. ಬೆರಳ ತುದಿ, ಅಂಗೈ, ಅಂಗಾಲಿನ ಚರ್ಮದ ಮೇಲೆ ಕೆತ್ತಿದ ಹಾಗಿರೋ ಗೆರೆಗಳ ಅಧ್ಯಯನ ಅದು, ಹೆಸರಿಟ್ಟೋರು ಕಮಿನ್ಸ್ ಮತ್ತು ಮಿಡ್ಲೋ, 1926ರಲ್ಲಿ. ಸ್ಟ್ಯಾಂಪ್ ಪ್ಯಾಡಲ್ಲಿ ಮಕ್ಕಳ ಹೆಬ್ಬೆಟ್ಟು ಒತ್ತಿಸಿ ಪದದ ಪಕ್ಕ ಅಂಟಿಸಿ, ಜನ್ಮದಲ್ಲಿ ಮರೆಯಲ್ಲ.

ಅನ್‌ಕಾಪಿರೈಟಬಲ್‌ನಲ್ಲಿರೋ ರೈಟ್ ಬರೆಯೋ ರೈಟ್ ಅಲ್ಲ, ಹಕ್ಕು. ಯಾರೂ ಕೃತಿಸ್ವಾಮ್ಯ ಪಡೆಯೋಕಾಗದ್ದು. ನೀರು ಎಷ್ಟು ಡಿಗ್ರಿಗೆ ಕುದಿಯುತ್ತೆ ಅನ್ನೋ ಸಂಗತಿ ನನ್ನದು ಅಂತ ಯಾರೂ ಹೇಳೋ ಹಾಗಿಲ್ಲ, ಅದು ಅನ್‌ಕಾಪಿರೈಟಬಲ್. ಹೈಡ್ರೋನ್ಯುಮ್ಯಾಟಿಕ್ಸ್‌ನಲ್ಲಿ ಹೈಡ್ರೋ ನೀರು, ನ್ಯುಮ್ಯಾ ಗಾಳಿ, ಅಷ್ಟು ಸಾಕು.

ಆದ್ರೆ ತಪ್ಪಾಗಿ ಬಂದಿದ್ದ ಆಂಬಿಡೆಕ್ಸ್‌ಟ್ರಸ್‌ಲಿನ ಬಿಸಾಕಬೇಡಿ, ನನಗೆ ಅದೇ ಎಲ್ಲಕ್ಕಿಂತ ಚಂದ. ಆಂಬಿ ಅಂದ್ರೆ ಎರಡೂ, ಡೆಕ್ಸ್‌ಟರ್ ಅಂದ್ರೆ ಲ್ಯಾಟಿನಲ್ಲಿ ಬಲಗೈ, ಎರಡೂ ಕೈ ಬಲಗೈಯೇ ಆದ ಹಾಗೆ. ನಮ್ಮಲ್ಲಿ ಅದಕ್ಕೆ ಹೆಸರು ಆಗ್ಲೇ ಇದೆ, ಸವ್ಯಸಾಚಿ! ಅರ್ಜುನನ ಕಥೆ ಗೊತ್ತಿರೋ ಮಗುವಿಗೆ ಇಂಗ್ಲಿಷ್ ಪದಾನೂ ಅರ್ಧ ಗೊತ್ತಿದ್ದಂಗೇ.

ಪದಹುಡುಕಿ:
ಸವ್ಯಸಾಚಿ ಹೊಳೆದೇ ಇರ್ಲಿಲ್ಲ, ನಾಳೆನೇ ಹೇಳ್ತೀನಿ. ಇನ್ನೊಂದು, ಐದೂ ಸ್ವರ ಕ್ರಮವಾಗಿ ಬರೋ ಪದ ಹುಡುಕೋಕೆ ಹೋದ್ರೆ ಎಜುಕೇಶನ್ ಕೂಡ ಬರ್ತಿದೆ, ಅದರಲ್ಲಿ ಕ್ರಮ ಇಲ್ವಲ್ಲ?

ಸಾಲುಮರ:
ಐದೂ ಇದ್ಯಾ ಅಂತ ಮಾತ್ರ ನೋಡ್ತಿದೀರಿ ಅನ್ಸುತ್ತೆ. ಪದದಿಂದ ವ್ಯಂಜನ ಎಲ್ಲ ತೆಗೆದುಹಾಕಿ, ಉಳಿದದ್ದು ಸರಿಯಾಗಿ ಎ ಇ ಐ ಓ ಯು ಆದ್ರೆ ಮಾತ್ರ ಪ್ರಿಂಟ್ ಮಾಡಿ. ಫಸೀಷಿಯಸ್ ಬರುತ್ತೆ, ಗಂಭೀರ ಮಾತಿನ ಮಧ್ಯೆ ಸಲ್ಲದ ತಮಾಷೆ ಮಾಡೋದು. ಅಬ್‌ಸ್ಟೀಮಿಯಸ್ ಬರುತ್ತೆ, ಊಟ ಕುಡಿತದಲ್ಲಿ ಮಿತಿ ಇರೋರು. ಉಲ್ಟಾ ಕ್ರಮ ಕೇಳಿದ್ರೆ ಸಬ್‌ಕಾಂಟಿನೆಂಟಲ್, ಅಂದ್ರೆ ಉಪಖಂಡದ್ದು, ಸಮಾಜ ಪಾಠದಲ್ಲಿ ಮಕ್ಕಳು ಓದಿರೋದೇ.

ಪದಹುಡುಕಿ:
ಸರಿಯಾಯ್ತು. ಕೊನೇದಾಗಿ, ಒಬ್ಬ ಹುಡುಗ ಕನ್ನಡ ಪದಕ್ಕೂ ಮಾಡೋಣ ಮಿಸ್ ಅಂದ, ಇದೇ ಪ್ರೋಗ್ರಾಂ ನಡೆಯುತ್ತಾ?

ಸಾಲುಮರ:
ಇದ್ದಂಗೇ ನಡೆಯಲ್ಲ. "ಕನ್ನಡ" ಕೊಟ್ಟು ನೋಡಿ, ಲೆನ್ 5 ಅನ್ನುತ್ತೆ, ಕ, ನ, ಹಲಂತದ ಗುರುತು, ಮತ್ತೆ ನ, ಡ, ಹೀಗೆ ಬಿಡಿಬಿಡಿಯಾಗಿ ಎಣಿಸುತ್ತೆ, ನ ಎರಡು ಸಲ ಬಂತು ಅಂತ ಪದಾನೇ ತಳ್ಳಿಬಿಡುತ್ತೆ. ಮೊದಲು ಕಾಗುಣಿತದ ಗುರುತು, ಅನುಸ್ವಾರ, ವಿಸರ್ಗ, ಹಲಂತ ಎಲ್ಲಾನೂ ಹಿಂದಿನ ಅಕ್ಷರಕ್ಕೆ ಅಂಟಿಸಿ, ಹಲಂತ ಆದ್ಮೇಲೆ ಬರೋ ವ್ಯಂಜನಾನೂ ಅದಕ್ಕೇ ಸೇರಿಸಿ, ಹಾಗೆ ಮಾಡಿದ ಪಟ್ಟಿಯನ್ನ ಎಣಿಸಿ. ಆಗ ಕ, ನ್ನ, ಡ ಅಂತ ಮೂರೇ ಬರುತ್ತೆ, ಯಾವುದೂ ಎರಡನೇ ಸಲ ಬಂದಿಲ್ಲ. ಆ ಹುಡುಗನ ಗೋಡೆಗೆ ಮೊದಲ ಪದ ಅದೇ ಆಗ್ಲಿ.